ಬಿಸಿಯಾದ ಮೇಲೆ ನಿಲ್ಲುವ ಪಿಡಿಪಿ-11/23: ಮೆಮೊರಿ ಬೋರ್ಡಿಗೆ ಕೈ ಹಾಕುವ ಮುಂಚೆ

ನನ್ನ ಪಿಡಿಪಿ-11/23 ಅನ್ನೋ ಹಳೆ ಕಂಪ್ಯೂಟರಿನ ರೋಗಲಕ್ಷಣ ಹೀಗಿತ್ತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೆಷಿನ್ ತಕರಾರಿಲ್ಲದೆ ಏಳುತ್ತದೆ. ಆರ್‌ಟಿ-11 ಎಂಬ ಆಪರೇಟಿಂಗ್ ಸಿಸ್ಟಂ ಬೂಟ್ ಆಗುತ್ತದೆ, ಡೈರೆಕ್ಟರಿ ತೋರಿಸುತ್ತದೆ, ಕೇಳಿದ ಕೆಲಸ ಮಾಡುತ್ತದೆ. ಮುಕ್ಕಾಲು ಗಂಟೆ ಆದ ಮೇಲೆ ಟರ್ಮಿನಲ್ ಮೇಲೆ ಇದ್ದಕ್ಕಿದ್ದ ಹಾಗೆ ಆರು ಅಂಕಿಯ ಒಂದು ಸಂಖ್ಯೆ ಬಂದು, ಅದರ ಕೆಳಗೆ @ ಚಿಹ್ನೆ ಬಿದ್ದು, ರನ್ ದೀಪ ಆರಿಹೋಗುತ್ತದೆ. ತಕ್ಷಣ ಮತ್ತೆ ಶುರು ಮಾಡಿದರೆ ಹತ್ತು ನಿಮಿಷ ಓಡುತ್ತದೆ. ಇನ್ನೊಮ್ಮೆ ಮಾಡಿದರೆ ಎರಡು ನಿಮಿಷ. ಒಂದು ಗಂಟೆ ಆರಲು ಬಿಟ್ಟು ಕಾಫಿ ಕುಡಿದು ಬಂದರೆ ಮತ್ತೆ ಮುಕ್ಕಾಲು ಗಂಟೆ.

ಇದನ್ನು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. ಅದರಲ್ಲಿ ಎರಡೂವರೆ ವಾರ ಸುಮ್ನೆ ಹಾಳು. ನಿಮ್ಮದು ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೆಷಿನ್ ಬಗ್ಗೆ ಸ್ವಲ್ಪ. ಪಿಡಿಪಿ-11 ಸಾಲು 'ಡಿಜಿಟಲ್' ಎಂಬ ಅಮೆರಿಕದ ಕಂಪನಿ 1970ರಲ್ಲಿ ಶುರು ಮಾಡಿದ 16 ಬಿಟ್‌ನ ಮಿನಿಕಂಪ್ಯೂಟರ್. 11/23 ಬಂದದ್ದು 1979ರಲ್ಲಿ, ಕ್ಯೂ-ಬಸ್ (ಬೋರ್ಡ್‌ಗಳು ಒಂದಕ್ಕೊಂದು ಮಾತಾಡುವ ತಂತಿಸಾಲು) ಇರುವ ಚಿಕ್ಕ ಪೆಟ್ಟಿಗೆಯಲ್ಲಿ. ನನ್ನದು ಪೀಣ್ಯದ ಗುಜರಿ ಅಂಗಡಿಯಿಂದ ಬಂತು. ಯಾವುದೋ ಕಾರ್ಖಾನೆಯಲ್ಲಿ ಪರೀಕ್ಷೆ ಯಂತ್ರ ನಡೆಸುತ್ತಿತ್ತಂತೆ. ಅಂಗಡಿಯವರು ತೂಕಕ್ಕೆ ಹಾಕಿಯೇ ಕೊಟ್ಟರು. ಒಳಗೆ ಕಪ್ಪು ಸ್ಪಂಜು ಕರಗಿ ಅಂಟಾಗಿತ್ತು, ಫ್ಯಾನಿನ ಹಿಂದೆ ಹಲ್ಲಿ ಮೊಟ್ಟೆ ಮೂರು. ನಮ್ಮೂರಿಗೆ ಮಿನಿಕಂಪ್ಯೂಟರ್ ಹೊಸದೇನಲ್ಲ. ಇನ್ಫೋಸಿಸ್ ತನ್ನ ಮೊದಲ ಕಂಪ್ಯೂಟರ್ ಅಂತ ಡೇಟಾ ಜನರಲ್ ಎಂವಿ/8000 ತರಿಸಿಕೊಂಡದ್ದು 1983ರಲ್ಲಿ, ಇದೇ ಬೆಂಗಳೂರಿಗೆ. ಹೈದರಾಬಾದಿನ ಇಸಿಐಎಲ್ ಟಿಡಿಸಿ-316 ಅಂತ ನಮ್ಮ ದೇಶದ್ದೇ ಮಿನಿ ಮಾಡುತ್ತಿತ್ತು. ಅಂಥದ್ದೊಂದು ಗುಜರಿಯಲ್ಲಿ ಕಣ್ಣಿಗೆ ಬಿದ್ದರೆ ದಯವಿಟ್ಟು ಬಿಡಬೇಡಿ.

ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಪ್ರೊಸೆಸರ್ (ಎಂ8186), 64 ಕಿಲೋಬೈಟ್‌ನ ಎರಡು ಮೆಮೊರಿ ಬೋರ್ಡ್ (ಎಂ8044), ನಾಲ್ಕು ಸೀರಿಯಲ್ ಪೋರ್ಟಿನ ಡಿಎಲ್‌ವಿ11-ಜೆ, ಬೂಟ್‌ಸ್ಟ್ರಾಪ್ ಬೋರ್ಡ್, ಒಂದು ಫ್ಲಾಪಿ ಕಂಟ್ರೋಲರ್. ಫ್ಲಾಪಿ ಡ್ರೈವ್ ಇಲ್ಲ, ಕಂಟ್ರೋಲರ್ ಮಾತ್ರ. ಹಾಗಾಗಿ ಲ್ಯಾಪ್‌ಟಾಪ್ ಅನ್ನು ಟಿಯು58 ಟೇಪ್ ಡ್ರೈವಿನ ವೇಷ ಹಾಕಿಸಿ ಎರಡನೇ ಸೀರಿಯಲ್ ಪೋರ್ಟಿಗೆ ಕಟ್ಟಿದ್ದೇನೆ. ನಿಧಾನ, ಆದರೆ ನಂಬಬಹುದು.

ಕರೆಂಟು ಕೊಡುವ ಮುಂಚೆ

ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಬೇಗ ಹೇಳಿ ಮುಗಿಸುತ್ತೇನೆ. ಪೆಟ್ಟಿಗೆ ಅಮೆರಿಕದಿಂದ ಬಂದದ್ದಾದರೆ 115 ವೋಲ್ಟಿಗೆ ಕಟ್ಟಿರಬಹುದು. ಅದನ್ನು 230ಕ್ಕೆ ಬದಲಾಯಿಸದೆ ಪ್ಲಗ್ ಚುಚ್ಚಬೇಡಿ. ಸ್ವಿಚಿಂಗ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 320 ವೋಲ್ಟಿನಷ್ಟು ಡಿಸಿ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಮೊದಲ ಸಲ ಸ್ವಿಚ್ ಹಾಕುವಾಗ ಬೋರ್ಡ್‌ಗಳನ್ನೆಲ್ಲ ಹೊರಗೆ ತೆಗೆದಿಡಿ. ಸಪ್ಲೈಗೆ ಲೋಡ್ ಅಂತ ಒಂದು ದಪ್ಪ ರೆಸಿಸ್ಟರ್ ಕಟ್ಟಿ, ಲೈನಿನಲ್ಲಿ 100 ವ್ಯಾಟಿನ ಹಳೆ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸೀರೀಸ್ ಬೋರ್ಡ್ ಸಾಕು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಏನೋ ಶಾರ್ಟ್ ಆಗಿದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಆಗುವುದಿಲ್ಲ, ಯಾಕೆ ಹೇಳುತ್ತಿದ್ದೇನೆ ಅಂದರೆ ನಾನು ಮೊದಲು ಅದನ್ನೇ ಹಾಕಿದ್ದೆ.

@ ಕೂಡ ಬರದಿದ್ದರೆ

ನಿಮ್ಮ ಮೆಷಿನ್ ನನ್ನದರಷ್ಟು ದೂರವೂ ಬರುವುದಿಲ್ಲ ಅಂದರೆ ಇಲ್ಲಿಂದ ಶುರು ಮಾಡಿ. 11/23ರಲ್ಲಿ @ ತೋರಿಸುವುದು ಓಡಿಟಿ, ಅಂದರೆ ಟರ್ಮಿನಲ್ಲಿನಿಂದ ಮೆಮೊರಿಯನ್ನು ಕೈಯಲ್ಲೇ ಓದಿ ಬರೆಯುವ ಸವಲತ್ತು. ಅದು ಪ್ರೊಸೆಸರಿನ ಮೈಕ್ರೋಕೋಡ್ (ಚಿಪ್ಪಿನಲ್ಲೇ ಬರೆದಿಟ್ಟ ಪ್ರೋಗ್ರಾಮ್) ಒಳಗೇ ಇದೆ. ಅದಕ್ಕೆ ಮೆಮೊರಿ ಬೇಡ, ಡಿಸ್ಕ್ ಬೇಡ. ಹಾಲ್ಟ್ ಸ್ವಿಚ್ ಒತ್ತಿಟ್ಟುಕೊಂಡು, ಪ್ರೊಸೆಸರ್ ಮತ್ತು ಸೀರಿಯಲ್ ಬೋರ್ಡ್ ಎರಡನ್ನೇ ಹಾಕಿ ನೋಡಿ. @ ಬರಲೇಬೇಕು. ಬರಲಿಲ್ಲವಾದರೆ ಅನುಮಾನ ಮೂರರ ಮೇಲೆ ಮಾತ್ರ: ಪ್ರೊಸೆಸರ್, ಸೀರಿಯಲ್, ಇಲ್ಲವೇ ಸಪ್ಲೈ ಕೊಡಬೇಕಾದ ಎರಡು 'ಸರಿಯಿದೆ' ಸಿಗ್ನಲ್‌ಗಳು. ಡಿಸಿ ವೋಲ್ಟೇಜ್ ನಿಂತಿದೆ ಅಂತ ಹೇಳುವ ಬಿಡಿಸಿಒಕೆ ಮೊದಲು ಏಳಬೇಕು, ಅದಾದ ಕನಿಷ್ಠ 70 ಮಿಲಿಸೆಕೆಂಡಿಗೆ ಗೋಡೆಯ ಕರೆಂಟು ಸರಿಯಿದೆ ಅಂತ ಹೇಳುವ ಬಿಪಿಒಕೆ ಏಳಬೇಕು. ಇವೆರಡರಲ್ಲಿ ಒಂದು ಮಲಗಿದ್ದರೂ ಪ್ರೊಸೆಸರ್ ಅಲ್ಲಾಡುವುದಿಲ್ಲ.

ಸೀರಿಯಲ್ ಕಡೆಯ ತಪ್ಪುಗಳು ಹೆಚ್ಚಾಗಿ ಕೇಬಲ್‌ನಲ್ಲೇ ಇರುತ್ತವೆ. ಡಿಎಲ್‌ವಿ11-ಜೆಯ ಹತ್ತು ಪಿನ್ನಿನ ಕನೆಕ್ಟರಿನಲ್ಲಿ ಒಳಬರುವ ಸಿಗ್ನಲ್ಲಿಗೆ ಪ್ಲಸ್ ಮತ್ತು ಮೈನಸ್ ಅಂತ ಎರಡು ಪಿನ್. ನಾವು ಪ್ಲಸ್‌ಗೆ ಮಾತ್ರ ತಂತಿ ಕೊಟ್ಟು ಮೈನಸ್ಸನ್ನು ಗಾಳಿಯಲ್ಲಿ ಬಿಟ್ಟರೆ ಮೆಷಿನ್ ಹೇಳಿದ್ದು ನಮಗೆ ಕೇಳುತ್ತದೆ, ನಾವು ಟೈಪ್ ಮಾಡಿದ್ದು ಅದಕ್ಕೆ ಅರ್ಥವೇ ಆಗುವುದಿಲ್ಲ. ಮೈನಸ್ಸನ್ನು ಗ್ರೌಂಡಿಗೆ ಕಟ್ಟಿ. ಇನ್ನೊಂದು, ಬೋರ್ಡ್‌ಗಳ ನಡುವೆ ಸ್ಲಾಟ್ ಖಾಲಿ ಬಿಡಬೇಡಿ. ಇಂಟರಪ್ಟ್ (ಪ್ರೊಸೆಸರನ್ನು ತಡೆದು ಕರೆಯುವುದು) ಮತ್ತು ಡಿಎಂಎ (ಪ್ರೊಸೆಸರ್ ಇಲ್ಲದೆ ನೇರ ಮೆಮೊರಿ ಮುಟ್ಟುವುದು) ಇವುಗಳ ಅನುಮತಿ ಒಂದು ಬೋರ್ಡಿನಿಂದ ಮುಂದಿನ ಬೋರ್ಡಿಗೆ ಕೈಯಿಂದ ಕೈಗೆ ಹೋಗುತ್ತದೆ. ಮಧ್ಯೆ ಒಬ್ಬರು ಎದ್ದು ಹೋದರೆ ಪಂಕ್ತಿಯ ಕೊನೆಗೆ ಪಾಯಸ ಬರುವುದಿಲ್ಲ, ಅಷ್ಟೇ.

ಇಷ್ಟು ಸರಿಯಿದ್ದರೆ ಓಡಿಟಿಯಲ್ಲಿ 777560 ಅಂತ ಒತ್ತಿ, ಹಿಂದೆಯೇ ಓರೆಗೆರೆ ಒತ್ತಿ. ಅದು ಕನ್ಸೋಲ್ ಪೋರ್ಟಿನ ವಿಳಾಸ. ಸಂಖ್ಯೆ ಬಂದರೆ ಸರಿ. ಪ್ರಶ್ನೆ ಚಿಹ್ನೆ ಬಂದರೆ ಆ ವಿಳಾಸದಲ್ಲಿ ಯಾರೂ ಇಲ್ಲ ಅಂತ ಅರ್ಥ. ಹಳೆ ಪುಸ್ತಕ ನೋಡಿ 177560 ಅಂತ ಒತ್ತಿದರೆ ಇಲ್ಲಿ ಮೋಸ ಹೋಗುತ್ತೀರಿ. 11/23ರ ಓಡಿಟಿ 18 ಬಿಟ್ ವಿಳಾಸ ಕೇಳುತ್ತದೆ, ಹಾಗಾಗಿ ಅದು ಮೆಮೊರಿಯ ಯಾವುದೋ ಪದವನ್ನು (16 ಬಿಟ್‌ನ ಒಂದು ಖಾನೆಯನ್ನು) ತೋರಿಸಿಬಿಡುತ್ತದೆ.

ನಿಂತ ವಿಳಾಸ ಏನು ಹೇಳುತ್ತದೆ

ಈಗ ನನ್ನ ಕಥೆಗೆ. ಆರ್‌ಟಿ-11 ಓಡುವಾಗ ನಿಂತರೆ ಆ ವಿಳಾಸದಿಂದ ಏನೂ ಗೊತ್ತಾಗುವುದಿಲ್ಲ, ಒಳಗೆ ಸಾವಿರ ಕೆಲಸ ನಡೆಯುತ್ತಿರುತ್ತದೆ. ಹಾಗಾಗಿ ಅದನ್ನು ಬದಿಗಿಟ್ಟು ಕೈಯಲ್ಲೇ ಒಂದು ಪುಟ್ಟ ಪ್ರೋಗ್ರಾಮ್ ತುಂಬಿ. ಇದು ಅಕ್ಷರಗಳನ್ನು ಟರ್ಮಿನಲ್ಲಿಗೆ ಕಳಿಸುತ್ತಲೇ ಇರುತ್ತದೆ. ಸಂಖ್ಯೆಯೆಲ್ಲ ಆಕ್ಟಲ್, ಅಂದರೆ 0ಯಿಂದ 7ರವರೆಗಿನ ಅಂಕಿ ಮಾತ್ರ ಇರುವ ಲೆಕ್ಕ.

1000: 105737
1002: 177564
1004: 100375
1006: 110037
1010: 177566
1012: 005200
1014: 000771

1000 ಮತ್ತು ಓರೆಗೆರೆ ಒತ್ತಿ, ಹೊಸ ಸಂಖ್ಯೆ ಕೊಟ್ಟು, ಲೈನ್ ಫೀಡ್ ಒತ್ತಿದರೆ ಮುಂದಿನ ವಿಳಾಸ ತಾನೇ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಲೈನ್ ಫೀಡ್ ಅಂದರೆ ಕಂಟ್ರೋಲ್ ಜೊತೆ ಜೆ, ಎಂಟರ್ ಅಲ್ಲ. ಪ್ರೋಗ್ರಾಮ್ ಒಳಗೆ 177564 ಅಂತ ಇದೆಯಲ್ಲ, ಅದು ಸರಿಯೇ. ಪ್ರೋಗ್ರಾಮ್ ನೋಡುವುದು 16 ಬಿಟ್ ಲೋಕ.

ಇನ್ನು ಬಲೆ ಹಾಕಬೇಕು. ಪ್ರೊಸೆಸರ್ ಯಾವುದೋ ವಿಳಾಸ ಕೇಳಿ ಬಸ್ಸಿನಲ್ಲಿ ಯಾರೂ ಉತ್ತರ ಕೊಡದಿದ್ದರೆ ಅದು 4ನೇ ವಿಳಾಸದಲ್ಲಿ ಬರೆದಿರುವ ಜಾಗಕ್ಕೆ ಹಾರುತ್ತದೆ. ಅರ್ಥವಾಗದ ಇನ್‌ಸ್ಟ್ರಕ್ಷನ್ ಸಿಕ್ಕರೆ 10ನೇ ವಿಳಾಸ ನೋಡುತ್ತದೆ. ಆದ್ದರಿಂದ 4ರಲ್ಲಿ 6, 6ರಲ್ಲಿ 0, 10ರಲ್ಲಿ 12, 12ರಲ್ಲಿ 0 ತುಂಬಿ. 0 ಅಂದರೆ ಹಾಲ್ಟ್. ಸ್ಟ್ಯಾಕ್‌ಗೆ (ಹಾರುವ ಮುಂಚೆ ಎಲ್ಲಿದ್ದೆ ಅಂತ ಪ್ರೊಸೆಸರ್ ಬರೆದಿಡುವ ಕಡೆ) ಜಾಗ ಬೇಕು, ಆರ್6 ಎಂಬ ರಿಜಿಸ್ಟರಿನಲ್ಲಿ 1000 ಇಡಿ. ಆಮೇಲೆ 1000 ಒತ್ತಿ ಜಿ ಅಕ್ಷರ ಒತ್ತಿ, ಬಿಡಿ.

ನಿಂತಾಗ ಟರ್ಮಿನಲ್ ಮೇಲೆ ಬರುವುದು ಹಾಲ್ಟ್‌ನ ಮುಂದಿನ ವಿಳಾಸ. 000010 ಬಂದರೆ ಬಸ್ ಕಡೆಯಿಂದ ಉತ್ತರ ಬರಲಿಲ್ಲ. 000014 ಬಂದರೆ ಇನ್‌ಸ್ಟ್ರಕ್ಷನ್ ಕಲಸಿಹೋಗಿತ್ತು. ನಿಲ್ಲುವ ಮುಂಚೆ ಎಲ್ಲಿತ್ತು ಅಂತ ತಿಳಿಯಲು 774ನೇ ವಿಳಾಸ ನೋಡಿ, ಹಳೆಯ ಪಿಸಿ (ಮುಂದೆ ಓಡಬೇಕಿದ್ದ ಇನ್‌ಸ್ಟ್ರಕ್ಷನ್ನಿನ ವಿಳಾಸ) ಅಲ್ಲಿ ಕೂತಿರುತ್ತದೆ.

ಒಂದೇ ಮೆಮೊರಿ ಚಿಪ್ ಕೆಟ್ಟಿದ್ದರೆ ಇಲ್ಲಿ ಒಂದು ಶಿಸ್ತು ಕಾಣುತ್ತದೆ. ಉದಾಹರಣೆಗೆ 000000 ಬರೆದು ಓದಿದರೆ 000400 ಬರುತ್ತದೆ, ಪಕ್ಕದ ವಿಳಾಸದಲ್ಲೂ ಅದೇ 400, ನೂರು ವಿಳಾಸ ಆಚೆಗೂ ಅದೇ. ಅದು 8ನೇ ಬಿಟ್, ಆ ಬಿಟ್‌ನ 4116 ಚಿಪ್ ಬದಲಾಯಿಸಿದರೆ ಮುಗಿಯಿತು. ನನಗೆ ಬಂದದ್ದು ಬೇರೆ. ಐದು ಸಲದಲ್ಲಿ ಎರಡು ಸಲ 000010, ಎರಡು ಸಲ 000014, ಒಮ್ಮೆ ಯಾವುದೋ ಅಪರಿಚಿತ ವಿಳಾಸ. 774ರಲ್ಲೂ ಪ್ರತಿ ಸಲ ಬೇರೆ ಬೇರೆ. ಶಿಸ್ತೇ ಇಲ್ಲ. ನಿಂತ ಮೇಲೆ ಪ್ರೋಗ್ರಾಮ್ ಇರುವ ಏಳು ಪದಗಳನ್ನು ಓದಿದರೆ ಬರೆದದ್ದು ಬರೆದ ಹಾಗೇ ಇತ್ತು! ಮೆಮೊರಿ ಮರೆತಿರಲಿಲ್ಲ ಅಂತ ಅಲ್ಲೇ ಬುದ್ಧಿ ಬರಬೇಕಿತ್ತು.

ಬರಲಿಲ್ಲ.

ನಾನು ಜಾರಿದ ಜಾಗ

ಎರಡು ಮೆಮೊರಿ ಬೋರ್ಡಿನಲ್ಲಿ ಎರಡನೆಯದನ್ನು ಕಿತ್ತೆ. ಮೆಷಿನ್ ರಾತ್ರಿ ಹತ್ತರವರೆಗೂ ನಿಲ್ಲದೆ ಓಡಿತು. ವಾಪಸ್ ಹಾಕಿದೆ, ಮುಕ್ಕಾಲು ಗಂಟೆಗೆ ನಿಂತಿತು. ಇನ್ನೇನು ಬೇಕು, ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಗಟ್ಟಿ ಮಾಡಿಕೊಳ್ಳಲು ಹೇರ್ ಡ್ರೈಯರ್ ತಂದು ಆ ಬೋರ್ಡಿಗೆ ಬಿಸಿಗಾಳಿ ಊದಿದೆ. ಐದೇ ನಿಮಿಷಕ್ಕೆ ಹಾಲ್ಟ್. ಆ ಬೋರ್ಡಿನ 32 ಚಿಪ್‌ಗಳನ್ನೂ ಒಂದೊಂದಾಗಿ ಬಿಚ್ಚಿ, ಸಾಕೆಟ್ ಹಾಕಿ, ಬೇರೊಂದು ಸತ್ತ ಬೋರ್ಡಿನಿಂದ ಪರೀಕ್ಷೆ ಮಾಡಿದ 4116ಗಳನ್ನು ಕೂರಿಸಿದೆ. ಸಾಕೆಟ್‌ಗಾಗಿ ಎಸ್.ಪಿ. ರೋಡಿಗೆ ಮೂರು ಸಲ. ಒಂದು ಶನಿವಾರ ಮಳೆಯಲ್ಲಿ, ಗಾಡಿ ನಿಲ್ಲಿಸಲು ಜಾಗ ಸಿಗದೆ ಟೌನ್ ಹಾಲ್ ಹತ್ತಿರ ಬಿಟ್ಟು ನಡೆದು. ಬೆಸುಗೆ ಬಿಚ್ಚುವಾಗ ಎರಡು ಟ್ರ್ಯಾಕ್ ಎದ್ದು ಬಂದವು, ಅದಕ್ಕೆ ತೆಳು ತಂತಿ ಹಾಕಿ ಸೇರಿಸಿದೆ. ಎಲ್ಲ ಆದ ಮೇಲೆ ಸ್ವಿಚ್ ಹಾಕಿದೆ. 43 ನಿಮಿಷಕ್ಕೆ ನಿಂತಿತು.

ಮಾಡಬೇಕಾಗಿದ್ದ ಪರೀಕ್ಷೆಗೆ ಎರಡು ನಿಮಿಷ ಸಾಕಿತ್ತು. ಎರಡನೇ ಬೋರ್ಡ್ ಕಿತ್ತಾಗ ಸರಿಹೋಯಿತಲ್ಲ, ಅದನ್ನು ವಾಪಸ್ ಹಾಕಿ ಮೊದಲನೆಯದನ್ನು ಕೀಳಬೇಕಿತ್ತು. ವಿಳಾಸದ ಸ್ವಿಚ್ ಬದಲಾಯಿಸಿಕೊಂಡು ಹಾಗೆ ಮಾಡಿ ನೋಡಿದೆ. ಆಗಲೂ ಮೆಷಿನ್ ನಿಲ್ಲದೆ ಓಡಿತು. ಎರಡನ್ನೂ ಇಟ್ಟು ಫ್ಲಾಪಿ ಕಂಟ್ರೋಲರ್ ಕಿತ್ತೆ. ಆಗಲೂ ಓಡಿತು. ಮೂರು ಬೋರ್ಡಿನಲ್ಲಿ ಯಾವುದನ್ನು ತೆಗೆದರೂ ರೋಗ ವಾಸಿ. ಅಂದರೆ ಯಾವ ಬೋರ್ಡಿನದೂ ತಪ್ಪಲ್ಲ, ಎಲ್ಲ ಸೇರಿ ಎಳೆಯುವ ಕರೆಂಟಿನದು.

ಆಗ ಇಂಥದ್ದೇ ಹುಚ್ಚಿರುವ ಗೆಳೆಯನಿಗೆ ಫೋನ್ ಮಾಡಿದೆ.

"5 ವೋಲ್ಟ್ ನೋಡಿದ್ಯಾ?"

"ಮೊದಲ ದಿನವೇ ನೋಡ್ದೆ. 5.09 ಇದೆ. ಬಿಸಿಯಾದ ಮೇಲೂ 5.09."

"ಎಲ್ಲಿ ಅಳೆದೆ?"

"ಸಪ್ಲೈ ಟರ್ಮಿನಲ್ ಮೇಲೆ."

"ಅಲ್ಲಿ ಯಾವ ಚಿಪ್ ಇದೆ ಗುರು?"

ಅಳೆಯಬೇಕಾದ ಜಾಗ

ಸಪ್ಲೈಯಿಂದ ಬ್ಯಾಕ್‌ಪ್ಲೇನಿಗೆ (ಬೋರ್ಡ್‌ಗಳೆಲ್ಲ ಚುಚ್ಚಿ ಕೂರುವ ಹಿಂಬದಿಯ ಹಲಗೆ) ದಪ್ಪ ತಂತಿಗಳು ಹೋಗುತ್ತವೆ, ಕೊನೆಯಲ್ಲಿ ಲಗ್ (ತಂತಿಯ ತುದಿಗೆ ಒತ್ತಿದ ಲೋಹದ ತುಂಡು), ಲಗ್ಗಿಗೆ ಸ್ಕ್ರೂ. ಮೆಷಿನ್ ಪೂರ್ತಿ ಬೋರ್ಡ್‌ಗಳ ಜೊತೆ ಮುಕ್ಕಾಲು ಗಂಟೆ ಓಡಿ ಬಿಸಿಯಾದ ಮೇಲೆ, ಮೀಟರಿನ ಎರಡೂ ಕಡ್ಡಿಯನ್ನು ಬ್ಯಾಕ್‌ಪ್ಲೇನ್ ಮೇಲೇ ಇಡಿ. ಕಡ್ಡಿ ಜಾರಿ ಪಕ್ಕದ ಪಿನ್ನಿಗೆ ತಾಗಿದರೆ 12 ವೋಲ್ಟು 5ರ ಲೈನಿಗೆ ನುಗ್ಗಿ ಎಲ್ಲ ಮುಗಿದುಹೋಗುತ್ತದೆ, ಹಾಗಾಗಿ ಮೆಷಿನ್ ಆಫ್ ಇದ್ದಾಗಲೇ ಎರಡು ಸಣ್ಣ ತಂತಿ ಕಟ್ಟಿಕೊಂಡು ಅದರಿಂದ ಅಳೆಯುವುದು ವಾಸಿ.

ನನಗೆ ಬಂದದ್ದು 4.72. ಸಾಮಾನ್ಯ 74 ಸರಣಿಯ ಟಿಟಿಎಲ್ ಚಿಪ್‌ಗಳು ಕೆಲಸ ಮಾಡುತ್ತೇವೆ ಅಂತ ಮಾತು ಕೊಟ್ಟಿರುವುದು 4.75ರಿಂದ 5.25ರವರೆಗೆ. ಅದರ ಕೆಳಗೆ ಯಾವ ಚಿಪ್ ಮೊದಲು ತಪ್ಪುತ್ತದೆ ಅನ್ನುವುದು ಅದೃಷ್ಟ. ಹಾಗಾಗಿಯೇ ಪ್ರತಿ ಸಲ ಬೇರೆ ಬೇರೆ ಕಡೆ ನಿಂತದ್ದು. ಸಪ್ಲೈ ಮಾತ್ರ ತನ್ನ ಬಾಗಿಲಲ್ಲಿ 5.09 ನೋಡಿಕೊಂಡು ನೆಮ್ಮದಿಯಾಗಿತ್ತು, ಬಿಡಿಸಿಒಕೆ ಇಳಿಸಲೇ ಇಲ್ಲ. ಇಳಿಸಿದ್ದರೆ ಮೆಷಿನ್ ರೀಸೆಟ್ ಆಗುತ್ತಿತ್ತು, ನಾನು ಮೊದಲ ದಿನವೇ ಸಪ್ಲೈ ಕಡೆ ನೋಡುತ್ತಿದ್ದೆ. ಕೆಲವು ಸಪ್ಲೈಗಳಲ್ಲಿ ದೂರದ ವೋಲ್ಟೇಜ್ ನೋಡಲು ಪ್ರತ್ಯೇಕ ಸೆನ್ಸ್ ತಂತಿ ಇರುತ್ತದೆ, ಅದು ಎಲ್ಲಿ ಕಟ್ಟಿದೆ ಅಂತಲೂ ನೋಡಿಕೊಳ್ಳಿ.

0.37 ವೋಲ್ಟ್ ದಾರಿಯಲ್ಲಿ ಕಳೆದುಹೋಗುತ್ತಿದೆ. ಎಲ್ಲಿ ಅಂತ ಹುಡುಕುವುದು ಸುಲಭ, ಮೀಟರನ್ನು ಮಿಲಿವೋಲ್ಟಿಗೆ ಹಾಕಿ ಒಂದು ಕಡ್ಡಿ ಸಪ್ಲೈಯ ಪ್ಲಸ್ ಟರ್ಮಿನಲ್ ಮೇಲೆ, ಇನ್ನೊಂದು ಬ್ಯಾಕ್‌ಪ್ಲೇನಿನ ಪ್ಲಸ್ ಮೇಲೆ. 0.31. ಹಾಗೇ ಗ್ರೌಂಡ್ ಕಡೆ, 0.06. ಗ್ರೌಂಡ್ ತಂತಿಯಲ್ಲೂ ಅಷ್ಟೇ ಕರೆಂಟು ಹರಿಯುತ್ತದೆ, ಅದನ್ನು ಅಳೆಯದೆ ಬಿಡುವವರೇ ಜಾಸ್ತಿ. ಪ್ಲಸ್ ಕಡೆ ಇನ್ನೂ ಹತ್ತಿರ ಹೋಗಿ, ತಂತಿಯ ಲಗ್ ಮೇಲೊಂದು ಕಡ್ಡಿ, ಅದು ಕೂತಿರುವ ಪಟ್ಟಿಯ ಮೇಲೊಂದು. 0.28 ಅಲ್ಲೇ ಸಿಕ್ಕಿತು, ಒಂದು ಸ್ಕ್ರೂವಿನ ಕೆಳಗೆ.

ನನ್ನ ಬೋರ್ಡ್‌ಗಳೆಲ್ಲ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. 0.28 ವೋಲ್ಟನ್ನು 10ರಿಂದ ಭಾಗಿಸಿದರೆ 0.028 ಓಮ್. ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅದು ಸೊನ್ನೆಯೇ. ಬೀಪ್ ಕೂಡ ಚೆನ್ನಾಗಿಯೇ ಬರುತ್ತದೆ. ಆದರೆ ಆ ಒಂದು ಜಾಗದಲ್ಲಿ 2.8 ವ್ಯಾಟ್ ಶಾಖ ಹುಟ್ಟುತ್ತಿತ್ತು. ಬಿಸಿಯಾದಷ್ಟೂ ಹಿಡಿತ ಸಡಿಲ, ಸಡಿಲವಾದಷ್ಟೂ ಬಿಸಿ. ಬೆಳಿಗ್ಗೆ ತಣ್ಣಗಿರುವಾಗ ಅಳೆದರೆ ಬ್ಯಾಕ್‌ಪ್ಲೇನಿನಲ್ಲಿ 4.83 ಇತ್ತು. ಒಂದು ಮೆಮೊರಿ ಬೋರ್ಡ್ ಕಿತ್ತರೆ ಒಂದೂವರೆ ಆಂಪಿಯರಿಗಿಂತ ಜಾಸ್ತಿ ಉಳಿತಾಯ, ವೋಲ್ಟೇಜ್ 4.78ಕ್ಕೆ ಏರಿ ಗೆರೆಯ ಮೇಲೆ ಬದುಕುತ್ತಿತ್ತು. ಹೇರ್ ಡ್ರೈಯರ್ ಬಿಸಿ ಮಾಡಿದ್ದು ಬೋರ್ಡನ್ನಲ್ಲ, ಅದರ ಹಿಂದಿದ್ದ ಲಗ್ಗನ್ನು.

ಕೆಪಾಸಿಟರ್ ಮೇಲೂ ನನಗೆ ಅನುಮಾನ ಇತ್ತು. ಆದರೆ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಸಾಮಾನ್ಯವಾಗಿ ತಣ್ಣಗಿರುವಾಗ ಹೆಚ್ಚು ಕಾಟ ಕೊಟ್ಟು ಬಿಸಿಯಾದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ನಿಮ್ಮ ಮೆಷಿನ್ ಬೆಳಿಗ್ಗೆ ಹಟ ಮಾಡಿ ಹತ್ತು ನಿಮಿಷದ ನಂತರ ಸರಿಹೋಗುವುದಾದರೆ ಮೊದಲು ಅತ್ತ ನೋಡಿ. ನನ್ನದು ಅದರ ಉಲ್ಟಾ.

ಸರಿ ಮಾಡಿದ್ದು

ಸ್ಕ್ರೂ ಬಿಚ್ಚಿದರೆ ಲಗ್ ಕೆಳಗೆ ಹಸಿರು ಕಿಲುಬು. ತಂತಿಯ ಮೇಲಿನ ಪ್ಲಾಸ್ಟಿಕ್ ಅರ್ಧ ಇಂಚು ಕಂದು ಬಣ್ಣಕ್ಕೆ ತಿರುಗಿತ್ತು. ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು, ಹಳೆಯ ತಂತಿ, ಕೊಳೆ ಇರಬೇಕು ಅಂತ ಬಿಟ್ಟಿದ್ದೆ. ಸ್ಕ್ರೂ ಬಿಗಿ ಮಾಡಿದರೆ ಸಾಕು ಅಂತ ಅನಿಸುತ್ತದೆ, ಸಾಕಾಗುವುದಿಲ್ಲ. ಕಿಲುಬಿನ ಮೇಲೆ ಬಿಗಿ ಮಾಡಿದರೆ ಒಂದು ತಿಂಗಳಿಗೆ ಮತ್ತೆ ಅದೇ ಕಥೆ. ಲಗ್ ಕತ್ತರಿಸಿ ಹಾಕಿ, ಹೊಳೆಯುವ ತಾಮ್ರ ಸಿಗುವವರೆಗೆ ತಂತಿ ಹಿಂದಕ್ಕೆ ಬಿಡಿಸಿ, ತವರ ಲೇಪದ ಹೊಸ ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿಸಿ. ಪಕ್ಕಡ್‌ನಲ್ಲಿ ಹಿಸುಕಬೇಡಿ. ನನ್ನ ಹತ್ತಿರ ಆ ಟೂಲ್ ಇರಲಿಲ್ಲ, ನಮ್ಮ ಬೀದಿಯಲ್ಲಿ ಯುಪಿಎಸ್ ಬ್ಯಾಟರಿ ಕಟ್ಟುವವರ ಹತ್ತಿರ ತೆಗೆದುಕೊಂಡು ಹೋದೆ. "ಏನ್ ಸಾರ್ ಇದು, ಇನ್ವರ್ಟರಾ?" ಅಂತ ಕೇಳಿ ಎರಡು ನಿಮಿಷದಲ್ಲಿ ಒತ್ತಿಕೊಟ್ಟರು. ಪಟ್ಟಿಯ ಮೇಲಿನ ಕಿಲುಬನ್ನು ನಯವಾದ ಸ್ಕಾಚ್ ಬ್ರೈಟ್‌ನಲ್ಲಿ ಉಜ್ಜಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಆ ಪುಡಿ ಬ್ಯಾಕ್‌ಪ್ಲೇನಿನೊಳಗೆ ಬೀಳದ ಹಾಗೆ ಬಟ್ಟೆ ಮುಚ್ಚಿಕೊಳ್ಳಿ. ಬೋರ್ಡ್‌ಗಳ ಚಿನ್ನದ ಅಂಚಿಗೆ ಮಾತ್ರ ಈ ಉಜ್ಜಾಟ ಬೇಡವೇ ಬೇಡ, ರಬ್ಬರ್ ಕೂಡ ಬೇಡ. ಅಲ್ಲಿ ಆಲ್ಕೋಹಾಲ್ ಮತ್ತು ಬಟ್ಟೆ ಸಾಕು. ಚಿನ್ನ ಒಮ್ಮೆ ಹೋದರೆ ಹೋಯಿತು.

ಒಂದು ಲಗ್ ಕೆಟ್ಟಿದ್ದರೆ ಉಳಿದವೂ ಅದೇ ವಯಸ್ಸಿನವು. ಎಲ್ಲವನ್ನೂ ಬದಲಾಯಿಸಿದೆ. ಈಗ ಸಪ್ಲೈ ಮೇಲೆ 5.09, ಬ್ಯಾಕ್‌ಪ್ಲೇನ್ ಮೇಲೆ 5.03, ಬಿಸಿಯಾದ ಮೇಲೂ ಅಷ್ಟೇ. ಏಳು ಪದದ ಆ ಪ್ರೋಗ್ರಾಮನ್ನು ಶುಕ್ರವಾರ ಸಂಜೆ ಬಿಟ್ಟು ಮಲಗಿದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಎದ್ದಾಗಲೂ ಅಕ್ಷರ ಉಗುಳುತ್ತಲೇ ಇತ್ತು. 32 ಸಾಕೆಟ್ ಹಾಕಿದ ಬೋರ್ಡ್ ಈಗಲೂ ಎರಡನೇ ಜಾಗದಲ್ಲಿದೆ. ಅದರ ಹಳೆಯ 4116ಗಳನ್ನು ಆಮೇಲೆ ಪರೀಕ್ಷೆ ಮಾಡಿದೆ, 32ಕ್ಕೆ 32 ಚೆನ್ನಾಗಿವೆ.

ದೋಷವೇ ಅಲ್ಲದ ಒಂದು ದೋಷ

ಮೆಷಿನ್ ನಿಲ್ಲದೆ ಓಡಲು ಶುರುವಾದ ಮೇಲೆಯೇ ಇದು ಗೊತ್ತಾಯಿತು, ಆರ್‌ಟಿ-11ರ ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಮತ್ತೆ ಮೀಟರ್ ಎತ್ತಿಕೊಳ್ಳುವವನಿದ್ದೆ. ಈ ಪೆಟ್ಟಿಗೆಯ ಗಡಿಯಾರ ಎಣಿಸುವುದು ಗೋಡೆಯ ಕರೆಂಟಿನ ಏರಿಳಿತವನ್ನು. ನಮ್ಮಲ್ಲಿ ಅದು ಸೆಕೆಂಡಿಗೆ 50, ಅಮೆರಿಕದಲ್ಲಿ 60. ನನಗೆ ಸಿಕ್ಕ ಆರ್‌ಟಿ-11 ಪ್ರತಿ 60 ಎಣಿಕೆಗೆ ಒಂದು ಸೆಕೆಂಡ್ ಅಂತ ಲೆಕ್ಕ ಹಾಕುತ್ತಿತ್ತು, ಹಾಗಾಗಿ 60 ನಿಮಿಷ ಆದರೂ ಅದಕ್ಕೆ 50 ಮಾತ್ರ. 50ಕ್ಕೆ ಹೊಂದಿಸಿದ ಮಾನಿಟರ್ (ಪರದೆಯಲ್ಲ, ಆರ್‌ಟಿ-11ರ ತಿರುಳು) ಹಾಕಿದರೆ ಸರಿಹೋಗುತ್ತದೆ. ಅಂದಹಾಗೆ ಗಡಿಯಾರ ಪೂರ್ತಿ ನಿಂತೇ ಹೋಗಿದ್ದರೆ ಮುಂಭಾಗದ ಆಕ್ಸ್ ಸ್ವಿಚ್ ನೋಡಿ. ಈ ಪೆಟ್ಟಿಗೆಗಳಲ್ಲಿ ಗಡಿಯಾರದ ಸಿಗ್ನಲ್ಲನ್ನು ಅದಕ್ಕೇ ಕಟ್ಟಿರುತ್ತಾರೆ, ಧೂಳು ಒರೆಸುವಾಗ ಬಟ್ಟೆ ತಾಗಿ ಅದು ಕೆಳಗೆ ಹೋಗಿರುತ್ತದೆ.